ಹುಳಿ ಮಣ್ಣಿಗೆ ಸುಣ್ಣ: ಗೊಬ್ಬರದ ದುಡ್ಡು ಮಣ್ಣುಪಾಲಾಗದಿರಲಿ



ಮೇ-ಜೂನ್ ಬಂತೆಂದರೆ ಸಂಘದ ಸಭೆಯಲ್ಲಿ ಸಾಲ ಕೇಳುವವರು ಜಾಸ್ತಿ. ಅರ್ಧ ಜನ ಮಕ್ಕಳ ಸ್ಕೂಲ್ ಫೀಸಿಗೆ ಕೇಳುತ್ತಾರೆ, ಇನ್ನರ್ಧ ಜನ ಬೀಜ-ಗೊಬ್ಬರಕ್ಕೆ. ಕೆಂಗೇರಿ, ರಾಮೋಹಳ್ಳಿ, ತಾವರೆಕೆರೆ ಕಡೆ ಹೊಲ ಮಾಡುವವರು ಕೇಳುತ್ತಾರೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದಲ್ಲಿ ಮನೆ ಮಾಡಿಕೊಂಡು, ಮಾಗಡಿ-ಕುಣಿಗಲ್ ಕಡೆ ಊರಲ್ಲಿ ಒಂದು ತುಂಡು ಹೊಲ ಉಳಿಸಿಕೊಂಡಿರುವವರೂ ಕೇಳುತ್ತಾರೆ. ಸಾಲ ಕೊಡೋಣ, ಅದಕ್ಕೇನಂತೆ. ಆದರೆ ಸುಗ್ಗಿ ಮುಗಿದ ಮೇಲೆ ಅದೇ ಸಭೆಯಲ್ಲಿ ಬರುವ ಮಾತು ಏನು? "ಹೋದ ವರ್ಷ ಒಂದು ಮೂಟೆ ಹಾಕಿದ್ವಿ, ಈ ವರ್ಷ ಒಂದೂವರೆ ಹಾಕಿದ್ವಿ, ರಾಗಿ ಮಾತ್ರ ಅಷ್ಟೇ ಬಂತು." ಗೊಬ್ಬರ ತಿಂದ ಮಣ್ಣು ಬಡ್ಡಿ ಕಟ್ಟುವುದಿಲ್ಲ. ಕಟ್ಟುವವರು ನೀವು.

ಹೀಗಾಗುವುದಕ್ಕೆ ಮಳೆ ಕಾರಣ ಇರಬಹುದು, ಬೀಜ ಕಾರಣ ಇರಬಹುದು, ರೋಗ ಇರಬಹುದು. ನಮ್ಮ ಕೆಂಪು ಮಣ್ಣಿನ ಹೊಲಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಕಾರಣವೂ ಇರುತ್ತದೆ. ಮಣ್ಣು ಹುಳಿಯಾಗಿರುತ್ತದೆ. ಈ ಸಲದ ಪಾಠ ಅದರ ಬಗ್ಗೆ.

ಮಣ್ಣು ಹುಳಿ ಅಂದರೇನು?

ಹುಣಸೆಹಣ್ಣು, ನಿಂಬೆಹಣ್ಣು ಹುಳಿ. ಸೋಪಿನ ನೀರು, ಅಡಿಗೆ ಸೋಡ ಅದಕ್ಕೆ ವಿರುದ್ಧ, ಅಂದರೆ ಕ್ಷಾರ. ಮಣ್ಣಲ್ಲೂ ಈ ಎರಡು ಗುಣ ಇರುತ್ತವೆ. ಅದನ್ನು ಅಳೆಯುವ ಲೆಕ್ಕಕ್ಕೆ ರಸಸಾರ ಅನ್ನುತ್ತಾರೆ, ಆಫೀಸಿನವರು ಪಿ.ಎಚ್. ಅನ್ನುತ್ತಾರೆ. 7 ಬಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ. ಇಲ್ಲಿ ಒಂದು ವಿಷಯ ಗಮನದಲ್ಲಿಡಿ. 6ರಿಂದ 5ಕ್ಕೆ ಇಳಿದರೆ ಹುಳಿ "ಒಂದು" ಜಾಸ್ತಿಯಾಗಿದೆ ಅಂತ ಅಲ್ಲ, ಹತ್ತು ಪಟ್ಟು ಜಾಸ್ತಿಯಾಗಿದೆ ಅಂತ ಅರ್ಥ. ಹೆಚ್ಚಿನ ಬೆಳೆಗಳಿಗೆ 6ರಿಂದ 7ರ ಒಳಗೆ ಇದ್ದರೆ ಒಳ್ಳೆಯದು. 5.5ಕ್ಕಿಂತ ಕೆಳಗೆ ಹೋದರೆ ತೊಂದರೆ ಶುರು.

ಮಣ್ಣನ್ನು ಮೂಸಿ ನೋಡಿದರೆ, ನಾಲಗೆಗೆ ಇಟ್ಟು ನೋಡಿದರೆ ಇದು ಗೊತ್ತಾಗಲ್ಲ. ಬಣ್ಣ ನೋಡಿಯೂ ಹೇಳಕ್ಕಾಗಲ್ಲ.

ನಮ್ಮ ಕಡೆ ಮಣ್ಣು ಯಾಕೆ ಹುಳಿಯಾಗುತ್ತದೆ?

ಸ್ವಲ್ಪ ಹುಟ್ಟುಗುಣ. ಬೆಂಗಳೂರು, ರಾಮನಗರ, ಮಾಗಡಿ ಸೀಮೆಯ ಕೆಂಪು ಮಣ್ಣು ಬಿಳಿಕಲ್ಲು-ಕರಿಕಲ್ಲಿನ ಬಂಡೆ ಸವೆದು ಆದದ್ದು. ಆ ಬಂಡೆಯಲ್ಲಿ ಸುಣ್ಣದ ಅಂಶ ಕಡಿಮೆ. ಇದ್ದ ಅಲ್ಪಸ್ವಲ್ಪ ಸುಣ್ಣವನ್ನೂ ಸಾವಿರಾರು ವರ್ಷದ ಮಳೆ ತೊಳೆದುಕೊಂಡು ಹೋಗಿದೆ. ಮಲೆನಾಡು, ಕೊಡಗು, ಕರಾವಳಿಯಷ್ಟು ಹುಳಿ ನಮ್ಮಲ್ಲಿಲ್ಲ. ಅಲ್ಲಿ ಮಳೆ ಹೆಚ್ಚು, ಮಣ್ಣಿನ ಹುಳಿಯೂ ಹೆಚ್ಚು.

ಮಿಕ್ಕಿದ್ದು ನಾವು ಮಾಡಿದ್ದು. ಹಿಂದೆ ಹೊಲಕ್ಕೆ ತಿಪ್ಪೆ ಗೊಬ್ಬರ, ಒಲೆ ಬೂದಿ, ಬೇಸಿಗೆಯಲ್ಲಿ ಕೆರೆ ಗೋಡು ಹೋಗುತ್ತಿದ್ದವು. ಹೊಲದಿಂದ ತೆಗೆದುಕೊಂಡದ್ದು ಬೇರೆ ದಾರಿಯಲ್ಲಿ ವಾಪಸ್ ಸೇರುತ್ತಿತ್ತು. ಈಗ ಒಲೆ ಹೋಗಿ ಗ್ಯಾಸ್ ಬಂದಿದೆ. ದನ ಮಾರಿದ್ದಾಗಿದೆ. ನಗರದ ಚರಂಡಿ ಸೇರಿದ ಕೆರೆಗಳ ಗೋಡನ್ನು ಮುಟ್ಟುವುದಕ್ಕೇ ಹೆದರಿಕೆ. ರಾಗಿ ತೆನೆಯೂ ಮನೆಗೆ, ಹುಲ್ಲೂ ಮಾರಾಟಕ್ಕೆ. ವಾಪಸ್ ಹೋಗುವುದು ಯೂರಿಯಾ ಮತ್ತು ಡಿಎಪಿ ಮಾತ್ರ.

ಯೂರಿಯಾ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಬೆಳೆಗೆ ಅದು ಬೇಕು. ಆದರೆ ಅದು ಮಣ್ಣಲ್ಲಿ ಬದಲಾಗುವಾಗ ಹುಳಿ ಹುಟ್ಟಿಸುತ್ತದೆ. 100 ಕಿಲೋ ಯೂರಿಯಾ ಹುಟ್ಟಿಸುವ ಹುಳಿಯನ್ನು ಸರಿದೂಗಿಸಲು ಸುಮಾರು 80 ಕಿಲೋ ಸುಣ್ಣದ ಕಲ್ಲಿನ ಪುಡಿ ಬೇಕು. ಅಂದರೆ 45 ಕಿಲೋ ಮೂಟೆಗೆ ಸುಮಾರು 36 ಕಿಲೋ. ಅಮೋನಿಯಂ ಸಲ್ಫೇಟ್ ಆದರೆ 100 ಕಿಲೋಗೆ ಸುಮಾರು 110 ಕಿಲೋ. ಗೊಬ್ಬರದ ಅಂಗಡಿಯಲ್ಲಿ ಈ ಲೆಕ್ಕ ಯಾರೂ ಹೇಳುವುದಿಲ್ಲ. ಹತ್ತು ವರ್ಷ ಯೂರಿಯಾ ಹಾಕಿ ಒಂದು ಮಂಕರಿ ಸುಣ್ಣವನ್ನೂ ಹಾಕದ ಹೊಲದಲ್ಲಿ ಎಷ್ಟು ಹುಳಿ ಕೂತಿರಬಹುದು, ನೀವೇ ಲೆಕ್ಕ ಹಾಕಿ.

ಹಾಕಿದ ಗೊಬ್ಬರ ಎಲ್ಲಿ ಹೋಗುತ್ತದೆ?

ಮಣ್ಣು ಹುಳಿಯಾದಾಗ ಅದರಲ್ಲಿರುವ ಅಲ್ಯೂಮಿನಿಯಂ ಮತ್ತು ಕಬ್ಬಿಣ ಕರಗಿ ಹೊರಗೆ ಬರುತ್ತವೆ. ನೀವು ಡಿಎಪಿಯಲ್ಲಿ ದುಡ್ಡು ಕೊಟ್ಟು ತಂದ ರಂಜಕವನ್ನು ಅವು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ರಂಜಕ ಹೊಲದಲ್ಲೇ ಇರುತ್ತದೆ, ಆದರೆ ಗಿಡದ ಬಾಯಿಗೆ ಸಿಗುವುದಿಲ್ಲ. ಕರಗಿದ ಅಲ್ಯೂಮಿನಿಯಂ ಬೇರಿನ ತುದಿಯನ್ನೂ ಸುಡುತ್ತದೆ. ಬೇರು ಮೊಂಡಾಗಿ, ದಪ್ಪಗಾಗಿ ಅಲ್ಲೇ ನಿಲ್ಲುತ್ತದೆ. ಕೆಳಗಿನ ತೇವಕ್ಕೆ ಬೇರು ಇಳಿಯದೆ ಹತ್ತು ದಿನ ಮಳೆ ಕೈಕೊಟ್ಟರೂ ಬೆಳೆ ಬಾಡುತ್ತದೆ. ಆಗ ನಾವು ಮಳೆಯನ್ನು ಬಯ್ಯುತ್ತೇವೆ. ಹುಳಿ ಮಣ್ಣಿಗೆ ಮತ್ತೆ ಮತ್ತೆ ಗೊಬ್ಬರ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಅವರೆ, ತೊಗರಿ, ಅಲಸಂದೆ, ನೆಲಗಡಲೆ ಬೆಳೆಯುವವರು ಒಂದು ಪರೀಕ್ಷೆ ಮಾಡಬಹುದು. ಬಿತ್ತಿ ನಲವತ್ತು ದಿನ ಆದಮೇಲೆ ಒಂದು ಗಿಡವನ್ನು ಬುಡದ ಮಣ್ಣಿನ ಸಮೇತ ಮೆಲ್ಲಗೆ ಅಗೆದು ತೆಗೆದು, ಬೇರನ್ನು ನೀರಲ್ಲಿ ಅದ್ದಿ ತೊಳೆಯಿರಿ. ಬೇರಿನಲ್ಲಿ ಸಣ್ಣ ಗಂಟುಗಳು ಇರಬೇಕು. ಉಗುರಿನಲ್ಲಿ ಸೀಳಿದರೆ ಒಳಗೆ ನಸುಗೆಂಪು ಇದ್ದರೆ ಗಿಡ ಗಾಳಿಯಿಂದ ಪುಕ್ಕಟೆ ಸಾರಜನಕ ತಯಾರಿಸಿಕೊಳ್ಳುತ್ತಿದೆ ಅಂತ. ಗಂಟೇ ಇಲ್ಲದಿದ್ದರೆ, ಅಥವಾ ಒಳಗೆ ಬೆಳ್ಳಗೆ, ಹಸಿರಾಗಿ ಇದ್ದರೆ ಆ ಕೆಲಸ ನಡೆಯುತ್ತಿಲ್ಲ. ಹುಳಿ ಮಣ್ಣಲ್ಲಿ ಆ ಗಂಟಿನೊಳಗಿನ ಸೂಕ್ಷ್ಮಜೀವಿಗಳು ಸರಿಯಾಗಿ ಬದುಕುವುದಿಲ್ಲ. ಬೇರೆ ಕಾರಣವೂ ಇರಬಹುದು, ಆದರೂ ಮಣ್ಣು ಪರೀಕ್ಷೆ ಮಾಡಿಸಲು ಇಷ್ಟು ಸಾಕು.

ರಾಗಿ ಗಟ್ಟಿ ಬೆಳೆ, ಸ್ವಲ್ಪ ಹುಳಿಯನ್ನು ತಡೆದುಕೊಳ್ಳುತ್ತದೆ. ಸುಣ್ಣದ ಉಪಯೋಗ ಮುಸುಕಿನ ಜೋಳ, ದ್ವಿದಳ ಧಾನ್ಯ, ನೆಲಗಡಲೆ, ಹುರುಳಿಕಾಯಿ, ಹಿಪ್ಪುನೇರಳೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ರೇಷ್ಮೆ ಸಾಕುವವರು ಸೊಪ್ಪಿನ ತೋಟದ ಮಣ್ಣನ್ನು ತಪ್ಪದೆ ನೋಡಿಸಿ.

ನಮ್ಮೂರಲ್ಲೇ ನಡೆದಿರುವ ಪರೀಕ್ಷೆ

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಲ್ಲಿ 1986ರಿಂದ ಒಂದು ಪ್ರಯೋಗ ನಡೆಯುತ್ತಿದೆ. ಅದೇ ಕೆಂಪು ಮಣ್ಣು, ಅದೇ ತಾಕುಗಳು, ರಾಗಿ ಆದಮೇಲೆ ಮುಸುಕಿನ ಜೋಳ. ಒಂದು ತಾಕಿಗೆ ಗೊಬ್ಬರವೇ ಇಲ್ಲ. ಒಂದಕ್ಕೆ ಸಾರಜನಕ ಮಾತ್ರ. ಒಂದಕ್ಕೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ. ಇನ್ನೊಂದಕ್ಕೆ ಆ ಮೂರರ ಜೊತೆಗೆ ಕೊಟ್ಟಿಗೆ ಗೊಬ್ಬರ ಮತ್ತು ಸುಣ್ಣ. ಶುರುವಿನಲ್ಲಿ ಮಣ್ಣಿನ ರಸಸಾರ ಸುಮಾರು 6 ಇತ್ತು. ಸಾರಜನಕ ಮಾತ್ರ ಹಾಕುತ್ತಾ ಬಂದ ತಾಕಿನಲ್ಲಿ ಮಣ್ಣು ಇನ್ನೂ ಹುಳಿಯಾಗಿ, ಇಳುವರಿ ಏನೂ ಹಾಕದ ತಾಕಿನ ಹತ್ತಿರಕ್ಕೆ ಇಳಿಯಿತು. ಗೊಬ್ಬರ, ತಿಪ್ಪೆ, ಸುಣ್ಣ ಮೂರನ್ನೂ ಪಡೆದ ತಾಕು ವರ್ಷದಿಂದ ವರ್ಷಕ್ಕೆ ಒಳ್ಳೆಯ ಫಸಲು ಕೊಡುತ್ತಾ ಬಂತು.

ಹಿಮಾಚಲ ಪ್ರದೇಶದ ಪಾಲಂಪುರದಲ್ಲಿ 1972ರಲ್ಲಿ ಇಂಥದ್ದೇ ಪ್ರಯೋಗ ಶುರುವಾಯಿತು. ಅಲ್ಲಿ ಸಾರಜನಕ ಮಾತ್ರ ಹಾಕಿದ ತಾಕಿನಲ್ಲಿ ಕೊನೆಗೆ ಜೋಳವೂ ಇಲ್ಲ, ಗೋಧಿಯೂ ಇಲ್ಲ ಅನ್ನುವ ಸ್ಥಿತಿ ಬಂತು. ಗೊಬ್ಬರ ಹಾಕಿಯೇ ಹೊಲ ಬರಡಾಯಿತು ಅನ್ನಬೇಕು.

ಮೊದಲು ಮಣ್ಣು ಪರೀಕ್ಷೆ, ಆಮೇಲೆ ಸಾಲ

ಪಹಣಿ ಗಂಡನ ಹೆಸರಲ್ಲಿರಲಿ, ಅತ್ತೆ ಹೆಸರಲ್ಲಿರಲಿ, ಮಣ್ಣು ತೆಗೆಯುವ ಕೆಲಸ ನೀವೇ ಮಾಡಬಹುದು. ಬೆಳೆ ಕೊಯ್ಲಾದ ಮೇಲೆ, ಗೊಬ್ಬರ ಹಾಕುವುದಕ್ಕೆ ಮುಂಚೆ ತೆಗೆಯಿರಿ. ಎಕರೆ ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತು-ಹದಿನೈದು ಕಡೆ ಗುರುತು ಮಾಡಿ. ಬದುವಿನ ಪಕ್ಕ, ಮರದ ನೆರಳು, ತಿಪ್ಪೆ ಇದ್ದ ಜಾಗ, ಓಡಾಡುವ ದಾರಿ ಬೇಡ. ಮೇಲಿನ ಕಸ ಸರಿಸಿ, ಆರು ಅಂಗುಲ ಆಳಕ್ಕೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಗುಂಡಿ ತೋಡಿ, ಅದರ ಒಂದು ಪಕ್ಕದಿಂದ ಮೇಲಿಂದ ಕೆಳತನಕ ಒಂದು ಬೆರಳು ದಪ್ಪ ಮಣ್ಣು ಕೆರೆದುಕೊಳ್ಳಿ. ಎಲ್ಲಾ ಕಡೆಯದನ್ನೂ ಬಟ್ಟೆ ಮೇಲೆ ಹಾಕಿ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆದುಹಾಕಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ. ಗೊಬ್ಬರದ ಚೀಲದಲ್ಲಿ ಮಾತ್ರ ತುಂಬಬೇಡಿ, ಲೆಕ್ಕ ಪೂರ್ತಿ ತಪ್ಪುತ್ತದೆ. ಚೀಟಿಯಲ್ಲಿ ಹೆಸರು, ಊರು, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದೆ ಹಾಕುವ ಬೆಳೆ ಬರೆದು ಇಡಿ. ಗದ್ದೆ, ಹೊಲ, ತೋಟ ಬೇರೆ ಬೇರೆ ಇದ್ದರೆ ಮಣ್ಣೂ ಬೇರೆ ಬೇರೆ ಚೀಲಕ್ಕೆ.

ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಮಾಗಡಿ ಕಡೆಯವರಿಗೆ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳ ಲೆಕ್ಕ ಬರುತ್ತದೆ. ಮೊದಲು ರಸಸಾರದ ಸಾಲು ನೋಡಿ. ಆಮೇಲೆ ಶಿಫಾರಸಿನ ಜಾಗದಲ್ಲಿ ಸುಣ್ಣ ಅಥವಾ ಜಿಪ್ಸಂ ಬಗ್ಗೆ ಬರೆದಿದೆಯಾ ನೋಡಿ. ಖಾಲಿ ಇದ್ದರೆ "ಎಕರೆಗೆ ಸುಣ್ಣ ಎಷ್ಟು ಬೇಕು?" ಅಂತ ಬಾಯಿಬಿಟ್ಟು ಕೇಳಿ ಬರೆಸಿಕೊಳ್ಳಿ. ಕಾರ್ಡನ್ನು ಮಡಿಸಿ ದೇವರ ಪಟದ ಹಿಂದೆ ಸಿಕ್ಕಿಸಿಟ್ಟರೆ ಏನೂ ಪ್ರಯೋಜನ ಇಲ್ಲ.

ಯಾವ ಸುಣ್ಣ?

ನಮಗೆ ಬೇಕಾದ್ದು ಸುಣ್ಣದ ಕಲ್ಲಿನ ನುಣ್ಣನೆ ಪುಡಿ, ಇದಕ್ಕೆ ಕೃಷಿ ಸುಣ್ಣ ಅನ್ನುತ್ತಾರೆ. ಡೋಲೊಮೈಟ್ ಪುಡಿಯೂ ಆಗುತ್ತದೆ, ಅದರಲ್ಲಿ ಮೆಗ್ನೀಷಿಯಂ ಕೂಡ ಇರುತ್ತದೆ. ಪುಡಿ ನುಣ್ಣಗಿದ್ದಷ್ಟು ಬೇಗ ಕೆಲಸ ಮಾಡುತ್ತದೆ. ರವೆಯಷ್ಟು ದಪ್ಪ ಇದ್ದರೆ ವರ್ಷಗಟ್ಟಲೆ ಮಣ್ಣಲ್ಲಿ ಸುಮ್ಮನೆ ಕೂತಿರುತ್ತದೆ. ಗೋಡೆಗೆ ಬಳಿಯುವ ಸುಟ್ಟ ಸುಣ್ಣಕ್ಕೆ ಶಕ್ತಿ ಜಾಸ್ತಿ. 100 ಕಿಲೋ ಕಲ್ಲಿನ ಪುಡಿ ಮಾಡುವ ಕೆಲಸವನ್ನು 56 ಕಿಲೋ ಸುಟ್ಟ ಸುಣ್ಣ ಮಾಡುತ್ತದೆ. ಆದರೆ ಅದು ಕೈ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಬೇರೆ ಸಿಗುವಾಗ ಅದರ ಸಹವಾಸ ಬೇಡ. ಯಾವ ಸುಣ್ಣವೇ ಆಗಲಿ, ಎರಚುವಾಗ ಮೂಗು-ಬಾಯಿಗೆ ಬಟ್ಟೆ ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಮಕ್ಕಳು ಹತ್ತಿರ ಬೇಡ.

ಜಿಪ್ಸಂ ಬೇರೆ, ಸುಣ್ಣ ಬೇರೆ. ಎರಡೂ ಬಿಳಿ ಪುಡಿ, ಚೀಲ ನೋಡಿದರೆ ಗೊತ್ತಾಗಲ್ಲ. ಜಿಪ್ಸಂ ನೆಲಗಡಲೆಯ ಕಾಯಿ ತುಂಬುವುದಕ್ಕೆ, ಚೌಳು ಮಣ್ಣಿಗೆ ಒಳ್ಳೆಯದೇ, ಆದರೆ ಅದು ಹುಳಿ ಕಳೆಯುವುದಿಲ್ಲ. ತಂದ ಪುಡಿ ಯಾವುದು ಅಂತ ಅನುಮಾನ ಬಂದರೆ ಒಂದು ಚಮಚ ಪುಡಿಗೆ ನಿಂಬೆರಸ ಹಿಂಡಿ ನೋಡಿ. ಸುಣ್ಣದ ಕಲ್ಲಿನ ಪುಡಿ ಸೋಡಕ್ಕೆ ನಿಂಬೆ ಬಿದ್ದಂತೆ ಗುಳ್ಳೆ ಬಿಡುತ್ತದೆ. ಡೋಲೊಮೈಟ್ ಮೆಲ್ಲಗೆ ಬಿಡುತ್ತದೆ. ಜಿಪ್ಸಂ ಸುಮ್ಮನಿರುತ್ತದೆ.

ಸೌದೆ ಒಲೆಯ ಬೂದಿ ಸಿಕ್ಕರೆ ಬಿಸಾಡಬೇಡಿ. ಅದಕ್ಕೆ ಸುಣ್ಣದಷ್ಟು ಶಕ್ತಿ ಇಲ್ಲದಿದ್ದರೂ ಹುಳಿ ತಗ್ಗಿಸುತ್ತದೆ, ಪೊಟ್ಯಾಷನ್ನೂ ಕೊಡುತ್ತದೆ.

ಎಷ್ಟು, ಯಾವಾಗ?

ಇದಕ್ಕೆ ಎರಡು ದಾರಿ ಇದೆ. ನಿಮ್ಮ ಜಮೀನು ಸ್ವಂತದ್ದೋ ಗುತ್ತಿಗೆಯದ್ದೋ ಅನ್ನುವುದರ ಮೇಲೆ ಆರಿಸಿಕೊಳ್ಳಬೇಕು.

ಸ್ವಂತ ಜಮೀನಾದರೆ ಪರೀಕ್ಷೆಯಲ್ಲಿ ಹೇಳಿದ ಪೂರ್ತಿ ಸುಣ್ಣವನ್ನು ಇಡೀ ಹೊಲಕ್ಕೆ ಎರಚಿ ಉಳುಮೆಯಲ್ಲಿ ಬೆರೆಸಬಹುದು. ಖರ್ಚು ಒಂದೇ ಸಲ ಜಾಸ್ತಿ, ಆದರೆ ಗುಣ ಮೂರು-ನಾಲ್ಕು ವರ್ಷ ಇರುತ್ತದೆ. ಗುತ್ತಿಗೆ ಹೊಲಕ್ಕೆ ಹೀಗೆ ಸುರಿಯಬೇಡಿ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಕೆಂಪೇಗೌಡ ಬಡಾವಣೆ ಬಂದಮೇಲೆ ನಮ್ಮ ಕಡೆ ಯಾವ ಹೊಲ ಎಷ್ಟು ವರ್ಷ ಹೊಲವಾಗಿರುತ್ತೆ ಅಂತ ಯಾರು ಹೇಳುತ್ತಾರೆ? ವರ್ಷದ ಮಾತಿಗೆ ಹಿಡಿದ ಭೂಮಿಗೆ ನಾಲ್ಕು ವರ್ಷದ ಸುಣ್ಣ ಹಾಕಿದರೆ ಲಾಭ ಮುಂದಿನವರಿಗೆ.

ಅಂಥವರಿಗೆ ಎರಡನೇ ದಾರಿ. ಬಿತ್ತುವ ಸಾಲಿಗೆ ಮಾತ್ರ, ಪ್ರತಿ ವರ್ಷ ಸ್ವಲ್ಪ ಸ್ವಲ್ಪ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಹುಳಿ ಮಣ್ಣಿನ ಪ್ರಯೋಗಗಳು ಹಲವು ರಾಜ್ಯಗಳಲ್ಲಿ ನಡೆದಿವೆ. ಅಲ್ಲಿ ಹೆಕ್ಟೇರಿಗೆ 2ರಿಂದ 4 ಕ್ವಿಂಟಾಲ್ ಸುಣ್ಣವನ್ನು ಸಾಲಿಗೆ ಹಾಕಿ ಅರ್ಧ ಗೊಬ್ಬರ ಕೊಟ್ಟಾಗ, ಸುಣ್ಣವಿಲ್ಲದೆ ಪೂರ್ತಿ ಗೊಬ್ಬರ ಕೊಟ್ಟಷ್ಟೇ ಇಳುವರಿ ಹಲವು ಕಡೆ ಬಂದಿದೆ. ನಮ್ಮ ಲೆಕ್ಕದಲ್ಲಿ ಎಕರೆಗೆ 80ರಿಂದ 160 ಕಿಲೋ, ಗುಂಟೆಗೆ 2ರಿಂದ 4 ಕಿಲೋ. ನಮ್ಮ ಹೊಲದಲ್ಲೂ ಅಷ್ಟೇ ಬರುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ಅದಕ್ಕೇ ಮುಂದೆ ಒಂದು ಗುಂಟೆಯ ಪರೀಕ್ಷೆ ಹೇಳಿದ್ದೇವೆ.

ಸುಣ್ಣ ಕೆಲಸ ಮಾಡಲು ತೇವ ಬೇಕು, ಸಮಯವೂ ಬೇಕು. ಇಡೀ ಹೊಲಕ್ಕೆ ಎರಚುವವರು ಭರಣಿ ಮಳೆಗೆ ಉತ್ತು ಸುಣ್ಣ ಬೆರೆಸಿದರೆ ಪುನರ್ವಸು ಮಳೆಗೆ ರಾಗಿ ಬಿತ್ತುವ ಹೊತ್ತಿಗೆ ಸರಿಹೋಗುತ್ತದೆ. ಸಾಲಿಗೆ ಹಾಕುವವರು ಬಿತ್ತನೆಗೆ ಎರಡು-ಮೂರು ವಾರ ಮೊದಲು ಹಾಕಿ ಮಣ್ಣು ಮುಚ್ಚಿ.

ಸುಣ್ಣ ಹಾಕಿದ ಮೇಲೆ ಗೊಬ್ಬರ

ಸುಣ್ಣವನ್ನು ಯೂರಿಯಾ, ಡಿಎಪಿ ಜೊತೆ ಬೆರೆಸಿ ಹಾಕಬೇಡಿ. ಹಸಿ ಸಗಣಿ ಗೊಬ್ಬರದ ಜೊತೆಯೂ ಬೇಡ. ಬೆರೆಸಿದರೆ ಮೂಗಿಗೆ ಘಾಟು ಹೊಡೆಯುತ್ತದಲ್ಲ, ಅದು ನಿಮ್ಮ ದುಡ್ಡಿನ ಸಾರಜನಕವೇ ಗಾಳಿಗೆ ಹೋಗುತ್ತಿರುವುದು. ಎರಡು-ಮೂರು ವಾರ ಅಂತರ ಇರಲಿ.

ಸುಣ್ಣ ಗೊಬ್ಬರವಲ್ಲ. ಅದು ಗೊಬ್ಬರಕ್ಕೆ ದಾರಿ ಬಿಡಿಸುತ್ತದೆ ಅಷ್ಟೇ. ಸುಣ್ಣ ಮಾತ್ರ ಹಾಕಿ ತಿಪ್ಪೆ ಗೊಬ್ಬರ ನಿಲ್ಲಿಸಿದರೆ ಮೊದಲೆರಡು ವರ್ಷ ಬೆಳೆ ಚೆನ್ನಾಗಿ ಬಂದು, ಮಣ್ಣಿನ ಕಸುವೆಲ್ಲ ಖರ್ಚಾಗಿ, ಆಮೇಲೆ ಹೊಲ ಬಡವಾಗುತ್ತದೆ. ದನ ಇಲ್ಲದವರು ಹೊಂಗೆ ಸೊಪ್ಪು ತುಳಿಸಿ, ಅಪ್ಸೆಣಬು ಬಿತ್ತಿ ಹೂ ಬರುವ ಮುಂಚೆ ಮಣ್ಣಿಗೆ ಸೇರಿಸಿ.

ಮಳೆ ಆಶ್ರಯದ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕ, 40 ಕಿಲೋ ರಂಜಕ ಅಂತ ಶಿಫಾರಸು ಇದೆ. ಇದನ್ನು ಮೂಟೆ ಲೆಕ್ಕಕ್ಕೆ ತಂದರೆ ಎಕರೆಗೆ ಡಿಎಪಿ 35 ಕಿಲೋ, ಯೂರಿಯಾ 30 ಕಿಲೋ. ಒಂದು ಮೂಟೆ ಡಿಎಪಿಯೂ ಬೇಕಾಗಿಲ್ಲ ನೋಡಿ. ಡಿಎಪಿಯನ್ನು ಎರಚದೆ ಬಿತ್ತನೆ ಸಾಲಿಗೇ ಹಾಕಿ. ಯೂರಿಯಾ ಅರ್ಧ ಬಿತ್ತುವಾಗ, ಉಳಿದರ್ಧ ಮೂರು-ನಾಲ್ಕು ವಾರ ಕಳೆದು ತೇವ ಇದ್ದಾಗ ಮೇಲುಗೊಬ್ಬರವಾಗಿ. ಪೊಟ್ಯಾಷನ್ನು ಕಾರ್ಡಿನಲ್ಲಿ ಬರೆದಷ್ಟು ಹಾಕಲೇಬೇಕು. ರಾಗಿ ಹುಲ್ಲು ಮಾರುವವರು ಹುಲ್ಲಿನ ಜೊತೆ ಪೊಟ್ಯಾಷನ್ನೂ ಮಾರುತ್ತಿದ್ದೀರಿ.

ಎಲ್ಲಿ ಸುಣ್ಣ ಬೇಡ?

ಎಲೆ ಅಡಿಕೆಗೆ ಸುಣ್ಣ ಜಾಸ್ತಿಯಾದರೆ ಬಾಯಿ ಸುಡುತ್ತದೆ. ಹೊಲಕ್ಕೂ ಹಾಗೇ. ರಸಸಾರ 6.5 ದಾಟಿದ ಮಣ್ಣಿಗೆ ಸುಣ್ಣ ಹಾಕಿದರೆ ಜಿಂಕ್, ಕಬ್ಬಿಣ, ಬೋರಾನ್ ಗಿಡಕ್ಕೆ ಸಿಗದೆ ಎಲೆ ಹಳದಿಯಾಗುತ್ತದೆ.

ವೃಷಭಾವತಿ ನೀರು ಹಾಯುವ ಭೂಮಿಗೆ, ಕೆಂಗೇರಿಯಿಂದ ಬೈರಮಂಗಲದ ತನಕ, ಪರೀಕ್ಷೆ ಇಲ್ಲದೆ ಸುಣ್ಣ ಹಾಕಲೇಬೇಡಿ. ರಾಜಾಜಿನಗರ, ವಿಜಯನಗರದ ನಮ್ಮ ಬಚ್ಚಲಿನ ಸೋಪಿನ ನೀರು, ಕಾರ್ಖಾನೆ ನೀರು ಎಲ್ಲ ಸೇರಿ ಹರಿಯುವುದು ಅದರಲ್ಲೇ. ಅಲ್ಲಿನ ಮಣ್ಣಿನ ಕಾಯಿಲೆ ಬೇರೆ, ಅದಕ್ಕೆ ಸುಣ್ಣ ಔಷಧಿ ಅಲ್ಲ. ಗಡಸು ಬೋರ್‌ವೆಲ್ ನೀರು ವರ್ಷಗಟ್ಟಲೆ ಹಾಯಿಸಿದ ತೋಟವೂ ಹುಳಿ ಇರುವುದು ಅನುಮಾನ.

ಕೆಂಗೇರಿ ಉಪನಗರದಂಥ ಬಡಾವಣೆಗಳಲ್ಲಿ ಮನೆ ಪಕ್ಕದ ಸೈಟಿನಲ್ಲಿ ಸೊಪ್ಪು-ತರಕಾರಿ ಬೆಳೆಯುವವರು ನೆನಪಿಡಿ, ಅಲ್ಲಿ ಸಿಮೆಂಟು, ಗಾರೆ ಚೂರು ಈಗಾಗಲೇ ಮಣ್ಣಿಗೆ ಬಿದ್ದಿರುತ್ತದೆ. ಮತ್ತೆ ಸುಣ್ಣ ಯಾಕೆ? ತಾರಸಿ ಮೇಲೆ ಕುಂಡದಲ್ಲಿ ಬೆಳೆಯುವವರಿಗೆ ಕಾಂಪೋಸ್ಟ್ ಸಾಕು. ಮೊಟ್ಟೆ ಚಿಪ್ಪು ಹಾಕುವುದಾದರೆ ನುಣ್ಣಗೆ ಪುಡಿ ಮಾಡಿ, ಇಡೀ ಚಿಪ್ಪು ಬರೀ ಅಲಂಕಾರ.

ಸಂಘದಲ್ಲಿ ಮಾಡಿ ನೋಡಿ

ಈ ಮುಂಗಾರಿಗೆ ರಸಸಾರ 5.5ಕ್ಕಿಂತ ಕಡಿಮೆ ಇರುವ ಒಬ್ಬ ಸದಸ್ಯರ ಹೊಲದಲ್ಲಿ ಅಕ್ಕಪಕ್ಕದ ಎರಡು ಗುಂಟೆ ಗುರುತು ಮಾಡಿ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಒಂದಕ್ಕೆ ಸಾಲಿನಲ್ಲಿ 3 ಕಿಲೋ ಸುಣ್ಣ, ಇನ್ನೊಂದಕ್ಕೆ ಇಲ್ಲ. ಬೀಜ, ಗೊಬ್ಬರ, ಕಳೆ ತೆಗೆಯುವುದು ಎರಡಕ್ಕೂ ಒಂದೇ. ರಾಗಿಯ ಜೊತೆ ಅವರೆ ಅಕ್ಕಡಿ ಸಾಲು ಇದ್ದರೆ ಇನ್ನೂ ಒಳ್ಳೆಯದು, ವ್ಯತ್ಯಾಸ ಬೇಗ ಕಾಣುತ್ತದೆ. ಕೊಯ್ಲಿನ ದಿನ ಎರಡನ್ನೂ ಬೇರೆ ಬೇರೆ ತೂಗಿ, ಸಂಘದ ಪುಸ್ತಕದಲ್ಲಿ ಬರೆಯಿರಿ.

ಸಭೆಯಲ್ಲಿ ಚರ್ಚಿಸಲು:

ನಮ್ಮ ಸಂಘದಲ್ಲಿ ಎಷ್ಟು ಜನರ ಹತ್ತಿರ ಮಣ್ಣು ಆರೋಗ್ಯ ಕಾರ್ಡ್ ಇದೆ? ಅದರಲ್ಲಿ ರಸಸಾರ ಎಷ್ಟು ಅಂತ ಓದಿ ಹೇಳಿ.

ಹೋದ ವರ್ಷ ಗೊಬ್ಬರಕ್ಕೆ ತೆಗೆದ ಸಾಲ ಎಷ್ಟು? ಎಕರೆಗೆ ಎಷ್ಟು ಮೂಟೆ ಬಿತ್ತು, ಎಷ್ಟು ಮೂಟೆ ಬೇಕಿತ್ತು?

ಗೊಬ್ಬರದ ಸಾಲಕ್ಕೆ ಅರ್ಜಿ ಕೊಡುವವರು ಮಣ್ಣಿನ ಕಾರ್ಡ್ ತೋರಿಸಬೇಕು ಅಂತ ನಿರ್ಣಯ ಮಾಡಬಹುದೇ?

ಸುಣ್ಣವನ್ನು ಒಬ್ಬೊಬ್ಬರೇ ತರುವ ಬದಲು ಐದಾರು ಜನ ಸೇರಿ ಒಂದೇ ಗಾಡಿಯಲ್ಲಿ ತರಿಸಿದರೆ ಬಾಡಿಗೆ ಎಷ್ಟು ಉಳಿಯುತ್ತದೆ? ವಿಚಾರಿಸಿ ಬರುವವರು ಯಾರು?